ಕುಂಡದ ಸೇಬು ನೆಲಕ್ಕಿಳಿಯುವಾಗ

ಸೇಬು ಎಂದರೆ ಸಿಮ್ಲಾ, ಇಲ್ಲವೇ ಕಾಶ್ಮೀರ ಎಂದೇ ನಮ್ಮಲ್ಲಿ ರೂಢಿ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಬಯಲುಸೀಮೆಯ ನರ್ಸರಿಗಳಿಗೂ ಸೇಬಿನ ಸಸಿಗಳು ಬರುತ್ತಿವೆ. ಮಗುವಿನ ಜ್ಞಾನಸ್ನಾನದ ನೆನಪಿಗೋ, ಪ್ರಥಮ ಪರಮಪ್ರಸಾದದ ನೆನಪಿಗೋ ಒಂದು ಸಸಿ ತಂದು ಕುಂಡದಲ್ಲಿ ನೆಡುವ ಮನೆಗಳಿವೆ. ಮೊದಲ ವರ್ಷ ಅದು ಚೆನ್ನಾಗಿಯೇ ಚಿಗುರುತ್ತದೆ. ಎರಡನೆಯ ವರ್ಷ ಬೆಳವಣಿಗೆ ನಿಲ್ಲುತ್ತದೆ. ನೆಲಕ್ಕಾದರೂ ಹಾಕೋಣವೆಂದು ಕುಂಡದಿಂದ ತೆಗೆದು ನೆಟ್ಟರೆ ತಿಂಗಳೊಳಗೆ ಒಣಗಿಹೋಗುತ್ತದೆ. ಮಗುವಿನ ಹೆಸರಿನಲ್ಲಿ ನೆಟ್ಟ ಗಿಡ ಹೀಗೆ ಸತ್ತರೆ ಮನೆಯವರಿಗಾಗುವ ಬೇಸರ ಸಣ್ಣದಲ್ಲ. ಅದು ಅಪಶಕುನವೆಂದು ಹೇಳುವ ಹಿರಿಯರೂ ಇದ್ದಾರೆ. ಅಪಶಕುನ ಏನೂ ಇಲ್ಲ. ಹೆಚ್ಚಿನ ಸಲ ಬೇರು ಕುಂಡದೊಳಗೆ ಸುತ್ತಿಕೊಂಡಿರುತ್ತದೆ, ಅಷ್ಟೇ. ಅದನ್ನು ಬಿಡಿಸಿ ನೆಡಲು ತಿಳಿದಿದ್ದರೆ ಗಿಡ ಉಳಿಯುತ್ತದೆ.

ಮೊದಲು ತಳಿಯ ಮಾತು. ಅಂಗಡಿಯಲ್ಲಿ ಕೊಂಡ ಹಣ್ಣಿನ ಬೀಜ ಹಾಕಿ ಬೆಳೆಸಿದ ಗಿಡ ತಾಯಿಯಂತೆ ಇರುವುದಿಲ್ಲ. ಹಣ್ಣು ಬಿಡಲು ಬಹಳ ವರ್ಷ ಬೇಕು, ಬಿಟ್ಟರೂ ಹುಳಿಯೋ ಒಗರೋ ಹೇಳಲಾಗದು. ಹಿಮಾಚಲ ಪ್ರದೇಶದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರ ಹಿತ್ತಿಲಲ್ಲಿ ಎಸೆದ ಬೀಜದಿಂದ 1999ರಲ್ಲಿ ಒಂದು ಸಸಿ ಕಾಣಿಸಿಕೊಂಡಿತು. ಅದೇ ಮುಂದೆ ಬಿಸಿಲು ತಾಳುವ ಎಚ್‌ಆರ್‌ಎಂಎನ್-99 ತಳಿಯಾಯಿತು, ಅವರಿಗೆ 2025ರಲ್ಲಿ ಪದ್ಮಶ್ರೀಯೂ ಬಂತು. ಆದರೆ ಅಂಥ ಭಾಗ್ಯ ಎಲ್ಲ ಬೀಜಕ್ಕೂ ಬರುವುದಿಲ್ಲ. ಕಸಿ ಗಿಡವನ್ನೇ ಕೊಳ್ಳಿ. ಹರಿಮನ್ ಅವರ ತಳಿಯಲ್ಲದೆ ಇಸ್ರೇಲಿನ ಅನ್ನಾ, ಬಹಾಮಾ ದ್ವೀಪದ ಡಾರ್ಸೆಟ್ ಗೋಲ್ಡನ್ ನಮ್ಮ ಕಡೆಗೆ ಹೊಂದುವ ತಳಿಗಳು. ಸೇಬಿನ ಹೂವಿಗೆ ಬೇರೆ ತಳಿಯ ಪರಾಗ ಬೇಕು, ಆದ್ದರಿಂದ ಒಂದರ ಬದಲು ಎರಡು ತಳಿಯ ಎರಡು ಗಿಡ ಇರಲಿ. ಅನ್ನಾ ಮತ್ತು ಡಾರ್ಸೆಟ್ ಗೋಲ್ಡನ್ ಸುಮಾರಾಗಿ ಒಂದೇ ಹೊತ್ತಿಗೆ ಹೂಬಿಡುವುದರಿಂದ ಒಳ್ಳೆಯ ಜೋಡಿ. ಎರಡನೆಯದು ಪಕ್ಕದ ಮನೆಯಲ್ಲಿದ್ದರೂ ನಡೆದೀತು, ಜೇನ್ನೊಣಕ್ಕೆ ಕಾಂಪೌಂಡಿನ ಅಡ್ಡಿಯಿಲ್ಲ.

ಬೆಟ್ಟದ ಸೇಬಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪು ಸಾವಿರ ಗಂಟೆಗಳಷ್ಟು ಬೇಕು. ಮೇಲಿನ ತಳಿಗಳಿಗೆ ಅದರ ಕಾಲುಭಾಗವೋ ಇನ್ನೂ ಕಡಿಮೆಯೋ ಸಾಕು. ಆದರೂ ನೆನಪಿಡಿ, ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಎಂದ ಮೇಲೆ ಇಲ್ಲಿ ಗಿಡ ತಾನಾಗಿ ನಿದ್ರೆಗೆ ಹೋಗಿ ಎದ್ದು ಹೂಬಿಡಬೇಕೆಂದು ಕಾಯುತ್ತ ಕೂರುವಂತಿಲ್ಲ. ಅದಕ್ಕೊಂದು ಉಪಾಯವಿದೆ, ಕೊನೆಯಲ್ಲಿ ಹೇಳುತ್ತೇನೆ. ಮಂಗಳೂರು, ಉಡುಪಿ, ಕಾರವಾರದ ಓದುಗರಿಗೆ ಮಾತ್ರ ನೇರವಾಗಿಯೇ ಹೇಳುವುದು ಒಳ್ಳೆಯದು: ಕರಾವಳಿಯ ಸೆಕೆಗೂ ಮಳೆಗೂ ಸೇಬು ಹೇಳಿಸಿದ ಮರವಲ್ಲ. ಆ ಹಣಕ್ಕೆ ಒಳ್ಳೆಯ ಕಸಿ ಮಾವು ಅಥವಾ ಜೀಗುಜ್ಜೆಯ ಗಿಡ ಬರುತ್ತದೆ.

(ಏದೆನ್ ತೋಟದ ಹಣ್ಣು ಸೇಬು ಎಂದು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಲತೀನಿನಲ್ಲಿ 'ಮಾಲುಮ್' ಎಂದರೆ ಕೆಡುಕು ಎಂದೂ ಸೇಬು ಎಂದೂ ಅರ್ಥವಾಗುವುದರಿಂದ ಈ ಪಾಪದ ಮರಕ್ಕೆ ಆ ಹೆಸರು ಅಂಟಿಕೊಂಡಿರಬಹುದು.)

ಕುಂಡದಲ್ಲಿ ಗಿಡ ಒಂದು, ಹೆಚ್ಚೆಂದರೆ ಎರಡು ವರ್ಷ ಇರಲಿ. 12 ಅಂಗುಲದ ಕುಂಡದಿಂದ ಆರಂಭಿಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿದರೆ ಸಾಕು. ಹಸಿ ಸಗಣಿ ಬೇಡ, ಅದು ಬೇರನ್ನು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ತಳದ ತೂತು ಕಟ್ಟಿಕೊಳ್ಳದಂತೆ ಒಂದು ಹೆಂಚಿನ ಚೂರು ಇಡಿ. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಿ. ದಿನಾ ತಪ್ಪದೆ ಚೆಂಬು ನೀರು ಸುರಿಯುವ ಪ್ರೀತಿಯಿಂದಲೇ ಎಷ್ಟೋ ಗಿಡಗಳ ಬೇರು ಕೊಳೆತಿದೆ.

ಕುಂಡ ಸಾಲದಾಗಿದೆ ಎಂಬುದನ್ನು ಗಿಡವೇ ತಿಳಿಸುತ್ತದೆ. ಹಾಕಿದ ನೀರು ನಿಲ್ಲದೆ ನೇರ ಕೆಳಗೆ ಹರಿದುಹೋಗುತ್ತದೆ, ಬೆಳಿಗ್ಗೆ ನೀರು ಕುಡಿದ ಎಲೆ ಮಧ್ಯಾಹ್ನಕ್ಕೆ ಜೋತು ಬೀಳುತ್ತದೆ, ತಳದ ತೂತಿನಿಂದ ಬೇರು ಇಣುಕುತ್ತದೆ. ಆಗ ಹೆಚ್ಚು ಗೊಬ್ಬರ ಹಾಕುವುದು ಪರಿಹಾರವಲ್ಲ.

ನೆಲಕ್ಕಿಳಿಸಲು ಬಯಲುಸೀಮೆಯಲ್ಲಿ ಮುಂಗಾರಿನ ಎರಡು ಮೂರು ಒಳ್ಳೆಯ ಮಳೆ ಬಿದ್ದ ಮೇಲೆ, ಅಂದರೆ ಜೂನ್ ಕೊನೆ ಅಥವಾ ಜುಲೈ ಸರಿಯಾದ ಕಾಲ. ಚಿಕ್ಕಮಗಳೂರು, ಕೊಡಗಿನ ಭಾರಿ ಮಳೆಯಲ್ಲಿ ಗುಣಿಯೇ ಕೆರೆಯಾಗುವುದರಿಂದ ಅಲ್ಲಿಯವರು ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬದವರೆಗೆ ಕಾಯುವುದು ಮೇಲು. ಸೆಪ್ಟೆಂಬರ್ 8ರ ಹೊತ್ತಿಗೆ ಮಳೆಯ ಜೋರು ಇಳಿದಿರುತ್ತದೆ, ಮಣ್ಣಿನಲ್ಲಿ ತೇವ ಉಳಿದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆಯೆಂದು ಈ ಕೆಲಸಕ್ಕೆ ಕೈಹಾಕಬೇಡಿ. ರಜೆಯಲ್ಲಿ ಮಕ್ಕಳಿಂದ ಗುಣಿ ತೋಡಿಸಬಹುದು. ಎರಡು ಅಡಿ ಅಗಲ, ಎರಡು ಅಡಿ ಆಳದ ಗುಣಿಗೆ ಕೆಲವು ವಾರ ಬಿಸಿಲು ತಾಗಿದರೆ ಒಳ್ಳೆಯದೇ. ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಗೋಡೆಯಿಂದಲೂ ತೆಂಗಿನ ಮರದಿಂದಲೂ ಹತ್ತು ಅಡಿಯಾದರೂ ದೂರವಿರಲಿ.

ಹಿಂದಿನ ದಿನ ಕುಂಡಕ್ಕೆ ಚೆನ್ನಾಗಿ ನೀರು ಹಾಕಿ. ಮರುದಿನ ಸಂಜೆ, ಇಲ್ಲವೇ ಮೋಡವಿರುವ ಹೊತ್ತು ನೋಡಿ ಕೆಲಸ ಆರಂಭಿಸಿ. ಒಂದು ಅಂಗೈಯನ್ನು ಮಣ್ಣಿನ ಮೇಲಿಟ್ಟು ಕಾಂಡವನ್ನು ಬೆರಳುಗಳ ನಡುವೆ ಹಿಡಿದು, ಕುಂಡವನ್ನು ಬೋರಲು ಮಾಡಿ ಅಂಚನ್ನು ಮೆಲ್ಲಗೆ ತಟ್ಟಿದರೆ ಹೆಂಟೆ ಇಡಿಯಾಗಿ ಕೈಗೆ ಬರುತ್ತದೆ. ಕಾಂಡ ಹಿಡಿದು ಜಗ್ಗಬಾರದು. ಬರದಿದ್ದರೆ ಕುಂಡ ಒಡೆಯಿರಿ. ಒಂದು ಕುಂಡ ಹೋದರೆ ಇನ್ನೊಂದು ಸಿಗುತ್ತದೆ.

ಈಗ ಬೇರು ನೋಡಿ. ಹಗ್ಗ ಸುತ್ತಿಟ್ಟಂತೆ ಕುಂಡದ ಆಕಾರದಲ್ಲಿಯೇ ಸುತ್ತಿಕೊಂಡಿದ್ದರೆ ಅದನ್ನು ಹಾಗೆಯೇ ನೆಡಬಾರದು. ನೆಲದಲ್ಲಿಯೂ ಅದು ಸುತ್ತುತ್ತಲೇ ಇರುತ್ತದೆ, ಕೆಲವು ವರ್ಷದ ಮೇಲೆ ತನ್ನ ಕಾಂಡವನ್ನೇ ಬಿಗಿಯುತ್ತದೆ. ಹೊರಸುತ್ತಿನ ಬೇರುಗಳನ್ನು ಬೆರಳಿನಿಂದ ಬಿಡಿಸಿ ಹೊರಮುಖ ಮಾಡಿ. ಬಿಡಿಸಲಾಗದಷ್ಟು ಗಟ್ಟಿಯಾಗಿದ್ದರೆ ಶುಭ್ರವಾದ ಚಾಕುವಿನಿಂದ ಹೆಂಟೆಯ ಸುತ್ತ ಮೂರು ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಗೀರಿ. ಬೇರು ಕತ್ತರಿಸಲು ಮನಸ್ಸು ಹಿಂಜರಿಯುವುದು ಸಹಜ. ಆದರೆ ಕತ್ತರಿಸಿದಲ್ಲಿಂದಲೇ ಹೊಸ ಬೇರು ಹೊರಡುತ್ತದೆ.

ಕುಂಡದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಕಸಿಯ ಗಂಟು ನೆಲದಿಂದ ಮೂರು ನಾಲ್ಕು ಅಂಗುಲ ಮೇಲಿರಬೇಕು. ಗಂಟು ಮಣ್ಣಿನಲ್ಲಿ ಹೂತರೆ ಅಲ್ಲಿ ಕೊಳೆ ಹತ್ತಬಹುದು, ಮೇಲಿನ ತಳಿ ತಾನೇ ಬೇರು ಬಿಟ್ಟು ಗಿಡ್ಡ ಗಿಡ ದೊಡ್ಡ ಮರವಾಗಲೂಬಹುದು. ತೋಡಿದ ಮಣ್ಣಿಗೇ ಒಂದು ಬುಟ್ಟಿ ಕಳಿತ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಯೂರಿಯಾ ಹತ್ತಿರ ತರಬೇಡಿ. ಕೈಯಿಂದ ಒತ್ತಿ, ಪಾತಿ ಮಾಡಿ, ಎರಡು ಕೊಡ ನೀರು ನಿಧಾನವಾಗಿ ಹಾಕಿ. ಒಂದು ಕೋಲು ನೆಟ್ಟು ಹಳೆಯ ಸೀರೆಯ ಅಂಚಿನಿಂದ ಸಡಿಲವಾಗಿ ಕಟ್ಟಿ. ತಂತಿ ತೊಗಟೆಯನ್ನು ಕೊರೆಯುತ್ತದೆ. ಬುಡದ ಸುತ್ತ ಒಣ ಎಲೆ ಹರಡಿ, ಕಾಂಡಕ್ಕೆ ತಾಗದಿರಲಿ. ಪಶ್ಚಿಮದ ಬಿಸಿಲಿಗೆ ಎರಡು ವಾರ ತೆಂಗಿನ ಸೋಗೆಯ ಮರೆ ಇರಲಿ.

ಇನ್ನು ಮನೆಯವರು ಗಾಬರಿಯಾಗುವ ಘಟ್ಟ. ನೆಟ್ಟ ಹತ್ತು ಹದಿನೈದು ದಿನಕ್ಕೆ ಎಲೆ ಹಳದಿಯಾಗಿ ಉದುರಬಹುದು. ಸತ್ತಿತೆಂದು ಕಿತ್ತು ಎಸೆಯಬೇಡಿ, ಹೆದರಿ ದಿನಕ್ಕೆ ಮೂರು ಸಲ ನೀರೂ ಸುರಿಯಬೇಡಿ. ಎಳೆಯ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ಕೊಂಬೆ ಒಣಗಿದ್ದರೆ ಕೆಳಗೆ ಕಾಂಡದಲ್ಲಿ ಕೆರೆಯಿರಿ. ಕಸಿ ಗಂಟಿನ ಮೇಲೆ ಎಲ್ಲಿಯಾದರೂ ಹಸಿರು ಕಂಡರೆ ತಿಂಗಳು ಎರಡು ತಿಂಗಳು ಕಾಯಿರಿ. ಗಂಟಿನ ಕೆಳಗಿನಿಂದ ಬರುವ ಚಿಗುರು ಎಷ್ಟೇ ಸೊಂಪಾಗಿದ್ದರೂ ಅದು ಬೇರುಸಸಿಯದು. ಆಗಾಗ ಚಿವುಟಿ ತೆಗೆಯಿರಿ.

ನೀರು ಹಾಕುವ ಹೊಣೆಯನ್ನು ಪೂರ್ತಿ ಮಗುವಿಗೆ ಬಿಡುವುದು ನನಗೆ ಸರಿಕಾಣದು. ಪರೀಕ್ಷೆಯ ವಾರದಲ್ಲಿ ಅದು ಮರೆಯುತ್ತದೆ, ಗಿಡ ಬಾಡುತ್ತದೆ, ಬೈಗುಳ ತಿನ್ನುತ್ತದೆ. ಜೊತೆಗೆ ದೊಡ್ಡವರೊಬ್ಬರು ಇರಲಿ. ಮೊದಲ ಎರಡು ವರ್ಷ ಬಿಡುವ ಹೂ, ಈಚುಗಳನ್ನು ಕಿತ್ತುಹಾಕಬೇಕು, ಇಲ್ಲದಿದ್ದರೆ ಎಳೆಯ ಕೊಂಬೆಗೆ ಬಲ ಬರುವುದಿಲ್ಲ. ಇದನ್ನು ಮಗುವಿಗೆ ಕಾಣದಂತೆ ಮಾಡಬೇಡಿ. ಕಾರಣ ಹೇಳಿ, ಅದರ ಕೈಯಿಂದಲೇ ಕೀಳಿಸಿ. ಅತ್ತರೆ ಒಂದು ಕಾಯಿ ಉಳಿಸಿದರೂ ಗಿಡಕ್ಕೆ ಅಂಥ ನಷ್ಟವೇನಿಲ್ಲ.

ಮೂರನೆಯ ವರ್ಷಕ್ಕೆ ಮೊದಲೇ ಹೇಳಿದ ಉಪಾಯ. ಇಂಡೋನೇಷ್ಯಾದ ಜಾವಾ ದ್ವೀಪದ ಬಾತು ಎಂಬ ಊರಿನಲ್ಲಿ ಚಳಿಗಾಲವೇ ಇಲ್ಲ. ಅಲ್ಲಿಯ ರೈತರು ಕೊಯ್ಲಿನ ನಂತರ ಎಲೆಗಳನ್ನೆಲ್ಲ ಕೈಯಿಂದ ಕಿತ್ತು, ಮರವನ್ನು ಹೊಸದಾಗಿ ಹೂಬಿಡಿಸುತ್ತಾರೆ. ನಾವು ಡಿಸೆಂಬರ್ ಕೊನೆಯಲ್ಲಿ ಇದನ್ನು ಮಾಡಬಹುದು. ಎರಡು ಮೂರು ವಾರ ನೀರು ಕಡಿಮೆ ಮಾಡಿ, ಎಲೆಗಳನ್ನು ಒಂದೊಂದಾಗಿ ಮೇಲ್ಮುಖವಾಗಿ ಕಿತ್ತು, ಬುಡದ ಮೊಗ್ಗಿಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟು ಮತ್ತೆ ನೀರು ಆರಂಭಿಸಿ. ಕೆಲವು ವಾರಗಳಲ್ಲಿ ನಸುಗೆಂಪು ಮೊಗ್ಗು ಕಾಣುತ್ತದೆ, ಅಲ್ಲಿಂದ ಮೂರೂವರೆ ನಾಲ್ಕು ತಿಂಗಳಲ್ಲಿ ಅನ್ನಾ ತಳಿಯ ಹಣ್ಣು ಕೊಯ್ಲಿಗೆ ಬರುತ್ತದೆ. ಸೊರಗಿದ ಗಿಡಕ್ಕೆ, ಇನ್ನೂ ನೆಲ ಹಿಡಿಯದ ಗಿಡಕ್ಕೆ ಮಾತ್ರ ಇದನ್ನು ಮಾಡಬೇಡಿ.

ಬಾಡಿಗೆ ಮನೆಯಲ್ಲಿರುವವರು ನೆಲಕ್ಕೆ ಹಾಕದೆಯೂ ಸಾಕಬಹುದು. ಅರ್ಧ ಡ್ರಮ್ಮಿಗೆ ತೂತು ಕೊರೆದು ಅದರಲ್ಲಿಡಿ. ಎರಡು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು ಸುತ್ತಲಿನ ಬೇರನ್ನು ಎರಡು ಅಂಗುಲ ಸವರಿ, ಹೊಸ ಮಣ್ಣು ತುಂಬಿ ಮತ್ತೆ ಅದರಲ್ಲಿಯೇ ನೆಡಿ. ಮನೆ ಬದಲಿಸುವಾಗ ಸಾಮಾನಿನ ಲಾರಿಯಲ್ಲಿ ಅದನ್ನು ಕೊನೆಗೆ ಹತ್ತಿಸಿ, ಮೊದಲು ಇಳಿಸಿ. ಗಾಳಿಗೆ ಎಲೆ ಹರಿಯದಂತೆ ಒದ್ದೆ ಗೋಣಿಚೀಲ ಸುತ್ತಿರಲಿ.