ಶ್ರಮದಾನದಲ್ಲಿ ಮಾತಿನ ಪಾಲು

ಶ್ರಮದಾನ ಎಂದ ಕೂಡಲೇ ಕಣ್ಣೆದುರು ಬರುವುದು ಗುದ್ದಲಿ, ಬುಟ್ಟಿ, ಪೊರಕೆ. ಎನ್.ಎಸ್.ಎಸ್. ಶಿಬಿರಕ್ಕೆ ಹೋಗಿ ಬಂದ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಆದರೆ ಬರೆಯಬಲ್ಲವರು, ಚಿತ್ರ ಹಾಕಬಲ್ಲವರು, ನಾಲ್ಕು ಜನರೆದುರು ನಿಂತು ಮಾತಾಡಬಲ್ಲವರು ತಮ್ಮ ಆ ಕಸುಬನ್ನೇ ಕೊಟ್ಟರೆ ಅದೂ ಶ್ರಮದಾನವೇ. ಜಾಹೀರಾತು, ಪತ್ರಿಕೋದ್ಯಮ, ಸಾರ್ವಜನಿಕ ಸಂಪರ್ಕ ಮುಂತಾದ ಸಂವಹನದ ಕಸುಬಿನವರು ಸೇವಾಸಂಸ್ಥೆಗಳಿಗೆ ಹೇಗೆ ನೆರವಾಗುತ್ತಾರೆ, ಅದರಲ್ಲಿ ನಮ್ಮಂಥ ವಿದ್ಯಾರ್ಥಿಗಳ ಪಾಲೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ವಕೀಲರು ಬಡವರ ಕೇಸನ್ನು ಫೀಸಿಲ್ಲದೆ ನಡೆಸುವುದು ಹಳೆಯ ಪದ್ಧತಿ. ಜಾಹೀರಾತಿನವರಲ್ಲಿ ಅಂಥದಕ್ಕೆ ದೊಡ್ಡ ಏರ್ಪಾಡೊಂದು ರೂಪುಗೊಂಡದ್ದು ಅಮೆರಿಕದಲ್ಲಿ, ಎರಡನೇ ಮಹಾಯುದ್ಧದ ಕಾಲಕ್ಕೆ, 1942ರಲ್ಲಿ ಹುಟ್ಟಿದ ಜಾಹೀರಾತು ಮಂಡಳಿಯಿಂದ. ಏಜೆನ್ಸಿಗಳು ಬಿಟ್ಟಿಯಾಗಿ ಬರೆದುಕೊಡುವುದು, ಪತ್ರಿಕೆ ರೇಡಿಯೋಗಳು ಬಿಟ್ಟಿಯಾಗಿ ಜಾಗ ಕೊಡುವುದು, ಇದು ಅದರ ಕ್ರಮ. ಕಾಡ್ಗಿಚ್ಚಿನ ಬಗ್ಗೆ ಜನರನ್ನು ಎಚ್ಚರಿಸಲು 1944ರಲ್ಲಿ ಬಂದ ‘ಸ್ಮೋಕಿ’ ಎಂಬ ಕರಡಿ ಇವತ್ತಿಗೂ ಅಲ್ಲಿ ಕೆಲಸ ಮಾಡುತ್ತಲೇ ಇದೆ!

ದೂರದ ಮಾತು ಸಾಕು, ನಮ್ಮ ಮುಂಬಯಿಯನ್ನೇ ನೋಡಿ. 1979ರಲ್ಲಿ ರಿಪ್ಪನ್ ಕಪೂರ್ ಎಂಬ ತರುಣ, ವಿಮಾನದಲ್ಲಿ ಪರ್ಸರ್ ಆಗಿದ್ದವರು, ಆರು ಮಂದಿ ಗೆಳೆಯರೊಂದಿಗೆ 50 ರೂಪಾಯಿ ಹಾಕಿ ‘ಕ್ರೈ’ ಸಂಸ್ಥೆಯನ್ನು ಕಟ್ಟಿದರು. ಅದು ಮನೆಮನೆಗೆ ಪರಿಚಯವಾದದ್ದು ಶುಭಾಶಯದ ಕಾರ್ಡುಗಳಿಂದ. ಕಾರ್ಡು ಮಾರಿ ಹಣ ಬಂತು. ಮಕ್ಕಳ ಸುದ್ದಿಯೂ ಅದೇ ಲಕೋಟೆಯಲ್ಲಿ ಊರೂರಿಗೆ ಹೋಯಿತು.

ಇನ್ನೊಂದು, 1098. ಕಷ್ಟದಲ್ಲಿರುವ ಮಕ್ಕಳಿಗಾಗಿ ಚೈಲ್ಡ್‌ಲೈನ್ ಎಂಬ ಈ ಫೋನ್ ಸೇವೆಯನ್ನು 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಜೆರೂ ಬಿಲ್ಲಿಮೋರಿಯಾ ಇಲ್ಲಿ ಶುರು ಮಾಡಿದರು. ಅದನ್ನು ‘ದಸ್ ನೌ ಆಠ್’ ಅಂತ ಕರೆದವರು ಬೀದಿಯ ಮಕ್ಕಳೇ. ಹತ್ತು, ಒಂಬತ್ತು, ಎಂಟು. ಎಣಿಸಲು ಬಂದರೆ ಸಾಕು, ಮರೆಯುವ ಮಾತೇ ಇಲ್ಲ. ಈಗ ಆಡಳಿತ ಸರ್ಕಾರದ ಕೈಗೆ ಹೋಗಿದ್ದರೂ ಸಂಖ್ಯೆ ಅದೇ. ಇದರಲ್ಲಿ ನಮಗೆ ಮೊದಲ ಪಾಠವಿದೆ: ಯಾರಿಗಾಗಿ ಬರೆಯುತ್ತೇವೋ ಅವರ ಬಾಯಿಂದ ಮೊದಲು ಕೇಳಿಸಿಕೊಳ್ಳಬೇಕು.

ಎರಡನೆಯ ಪಾಠವನ್ನು ನಾನು ಕಂಡ ಒಂದು ಸಣ್ಣ ಕೆಲಸದಿಂದಲೇ ಹೇಳುತ್ತೇನೆ. ಹೋಟೆಲು, ಅಂಗಡಿಗಳಲ್ಲಿ ದುಡಿಯುವ ಹುಡುಗರಿಗೆ ಮುಂಬಯಿಯ ರಾತ್ರಿ ಶಾಲೆಗಳು ಮಾಡಿದ ಉಪಕಾರ ನಮ್ಮ ಹಿರಿಯರಿಗೆಲ್ಲ ಗೊತ್ತು. ಅಂಥ ಒಂದು ಶಾಲೆಗೆ ಕರಪತ್ರ ಬರೆದುಕೊಡಲು ಹೋಗಿದ್ದೆ. ಹುಡುಗರು ಸೇರದಿದ್ದರೆ ತರಗತಿ ಮುಚ್ಚುವ ಪರಿಸ್ಥಿತಿ. ಹಿಂದಿನ ವರ್ಷದ ಕರಪತ್ರದಲ್ಲಿ ಮೇಲೆ ಸರಸ್ವತಿಯ ಚಿತ್ರ, ಕೆಳಗೆ ಕಮಿಟಿಯವರ ಹನ್ನೊಂದು ಹೆಸರು, ನಡುವೆ ‘ವಿದ್ಯೆಯೇ ಬಾಳಿನ ಬೆಳಕು, ಸರ್ವರೂ ಸದುಪಯೋಗ ಪಡೆಯಬೇಕಾಗಿ ವಿನಂತಿ.’ ಶಾಲೆ ಎಷ್ಟು ಹೊತ್ತಿಗೆ ಅನ್ನುವುದೇ ಇಲ್ಲ. ಕನ್ನಡದವರೇ ಆದ ಮಾಸ್ತರರು ನಕ್ಕು, ‘ಎಲ್ಲ ಸರಿ ಮಾರಾಯ, ಇದನ್ನು ಓದಿದ ಹುಡುಗ ಎಲ್ಲಿಗೆ ಬರುವುದು, ಯಾವಾಗ ಬರುವುದು?’ ಅಂದರು. ಹುಡುಗರನ್ನು ಕೇಳಿದೆವು. ಅವರಿಗಿದ್ದ ಅಂಜಿಕೆ ಎರಡೇ: ಫೀಸು ಎಷ್ಟಾದೀತು, ಊರಿನ ಶಾಲೆಯ ಸರ್ಟಿಫಿಕೇಟು ಇಲ್ಲದಿದ್ದರೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ. ಕೊನೆಗೆ ಹೊಸ ಹಾಳೆ ಹೀಗಾಯಿತು:

‘ಶಾಲೆ ಅರ್ಧಕ್ಕೆ ಬಿಟ್ಟಿದ್ದೀರಾ? ಸಂಜೆ ಆರೂವರೆಯಿಂದ ಒಂಬತ್ತೂವರೆ ತನಕ ಇಲ್ಲಿ ಕಲಿಯಬಹುದು. ಫೀಸು ಇಲ್ಲ. ಸರ್ಟಿಫಿಕೇಟು ಇದ್ದರೆ ತನ್ನಿ. ಇಲ್ಲದಿದ್ದರೂ ಬಂದು ಮಾಸ್ತರರನ್ನು ಕಾಣಿ.’

ಕೆಳಗೆ ವಿಳಾಸ, ಹಿಂಬದಿಯಲ್ಲಿ ಇದೇ ಮಾತು ಹಿಂದಿಯಲ್ಲಿ. ಇದನ್ನು ಹೋಟೆಲುಗಳ ಅಡಿಗೆಮನೆ ಬಾಗಿಲಲ್ಲಿ ಕೊಟ್ಟೆವು. ವಿಚಾರಿಸಲು ಬಂದ ಹಲವರ ಜೇಬಿನಲ್ಲಿ ಆ ಹಾಳೆ ಮಡಚಿಕೊಂಡಿತ್ತು. ಇಲ್ಲಿ ಅಲಂಕಾರ ಏನೂ ಇಲ್ಲ. ಓದುಗ ಮಾಡಬೇಕಾದ ಒಂದೇ ಕೆಲಸ, ಅದಕ್ಕೆ ಅಡ್ಡ ಬರುವ ಅಂಜಿಕೆಗೆ ಉತ್ತರ, ಇಷ್ಟೆ.

ಮೂರನೆಯದು, ಮರ್ಯಾದೆ. ಚಂದಾ ಕೇಳುವ ಭರದಲ್ಲಿ ಅನಾಥಾಶ್ರಮದ ಮಗುವಿನ ಅಳುಮುಖವನ್ನು ದೊಡ್ಡದಾಗಿ ಹಾಕುವವರಿದ್ದಾರೆ. ಆ ಮಗು ನಾಳೆ ದೊಡ್ಡದಾಗಿ ಅದೇ ಹಾಳೆಯನ್ನು ನೋಡಿದರೆ? ಒಪ್ಪಿಗೆಯಿಲ್ಲದೆ ಯಾರ ಚಿತ್ರವೂ ಬೇಡ, ಹೆಸರೂ ಬೇಡ. ಹತ್ತು ಜನರಿಗೆ ಊಟ ಹಾಕುವ ಸಂಸ್ಥೆಯನ್ನು ನೂರು ಜನರಿಗೆ ಹಾಕುತ್ತದೆ ಎಂದು ಬರೆಯುವುದೂ ಬೇಡ. ಒಂದು ಸುಳ್ಳು ಹೊರಬಿದ್ದರೆ ಹೋಗುವುದು ನಮ್ಮ ಹೆಸರಲ್ಲ, ಆ ಹತ್ತು ಜನರ ಊಟ.

ನಾಲ್ಕನೆಯದು, ಹೊತ್ತು. ಪುಕ್ಕಟೆ ಕೆಲಸ ತಾನೇ ಅಂತ ಪರೀಕ್ಷೆ ಮುಗಿಯುವ ತನಕ ತಳ್ಳಿದರೆ ಆಗದು. ಜೂನಿನಲ್ಲಿ ಬೇಕಾದ ಕರಪತ್ರ ಆಗಸ್ಟಿನಲ್ಲಿ ಸಿಕ್ಕರೆ ರದ್ದಿ. ಆಗದಿದ್ದರೆ ಮೊದಲೇ ‘ಆಗೋದಿಲ್ಲ’ ಅನ್ನುವುದು ಲೇಸು. ಒಪ್ಪಿಕೊಂಡರೆ, ನಾವು ಪಾಸಾಗಿ ಹೋದ ಮೇಲೆ ಅಲ್ಲಿಯವರೇ ಮುಂದಿನದನ್ನು ಬರೆದುಕೊಳ್ಳುವ ಹಾಗೆ ಒಬ್ಬರಿಗಾದರೂ ಕಲಿಸಿ ಹೋಗಬೇಕು.

ನಮಗೆ ಏಜೆನ್ಸಿಯವರ ಅನುಭವ ಇಲ್ಲ, ನಿಜ. ಆದರೆ ಅವರಲ್ಲಿ ಅನೇಕರಿಗೆ ಇಲ್ಲದ್ದೊಂದು ನಮ್ಮಲ್ಲಿದೆ. ಮನೆಯಲ್ಲಿ ಕನ್ನಡ ಇಲ್ಲವೆ ತುಳು, ಬೀದಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್. ಪರೇಲಿನಲ್ಲಿ 1941ರಿಂದ ನಡೆದು ಬಂದಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ದೇಶದ ಎಲ್ಲ ಮೂಲೆಗಳಿಂದ ರೋಗಿಗಳು ಬರುತ್ತಾರೆ, ಕರ್ನಾಟಕದಿಂದಲೂ. ಕನ್ನಡವೊಂದೇ ಬಲ್ಲ ಒಬ್ಬ ತಾಯಿಗೆ ತಂಗಲು ಜಾಗ ಎಲ್ಲಿ ಕೇಳಬೇಕು, ಯಾವ ಕಾಗದ ಜತೆಗಿರಬೇಕು ಎಂದು ತಿಳಿಸುವ ಒಂದು ಪುಟ ಅವಳ ಅರ್ಧ ದಿನದ ಅಲೆದಾಟ ಉಳಿಸುತ್ತದೆ. ಅಲ್ಲಿ ಸೇವೆ ಮಾಡುವ ಸಂಸ್ಥೆಗಳನ್ನು ಕೇಳಿ, ಅವರಿಂದಲೇ ತಿದ್ದಿಸಿ ಇಂಥ ಪುಟ ಮಾಡಿಕೊಡಬಹುದು. ಔಷಧಿಯ ವಿಷಯ ಮಾತ್ರ ನಮ್ಮದಲ್ಲ, ಅದನ್ನು ಡಾಕ್ಟರಿಗೇ ಬಿಡಬೇಕು.

ಗೆಳೆಯರೇ, ನಮ್ಮ ಕೂಟದಲ್ಲಿ ಕವಿಗಳಿಗೆ ಬರವಿಲ್ಲ. ಈ ವರ್ಷ ಪ್ರತಿಯೊಬ್ಬರೂ ನಮ್ಮ ಪೇಟೆಯ ಒಂದೊಂದು ಸಂಸ್ಥೆಗೆ ನೋಟ್‌ಬುಕ್ಕು ಹಿಡಿದು ಹೋಗೋಣ. ಕೇಳಬೇಕಾದ ಪ್ರಶ್ನೆ ಮೂರೇ: ಯಾರಿಗೆ ಹೇಳಬೇಕು? ಅವರು ಏನು ಮಾಡಬೇಕು? ಈಗ ಯಾಕೆ ಮಾಡುತ್ತಿಲ್ಲ? ಉತ್ತರ ಸಿಕ್ಕಿದ ಮೇಲೆ ಪೆನ್ನು ತೆಗೆದರಾಯಿತು.