ಕಾಡಿನ ಕಲ್ಲು ಹೇಳಿದ ಕಥೆ



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಫೋಟೋ ತೋರಿಸಿದೆವು. ದಟ್ಟ ಕಾಡು. ನಡುವೆ ಎತ್ತರದ ಕಲ್ಲಿನ ಗುಡಿ. ಗುಡಿಗೆ ಏಣಿಯ ಹಾಗೆ ಕಡಿದಾದ ಮೆಟ್ಟಿಲು. ಮುಂದೆ ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಅವುಗಳ ಮೇಲೆ ಏನೇನೋ ಕೆತ್ತಿದ್ದಾರೆ.

"ಇದು ಚಿತ್ರಾನೋ, ಅಕ್ಷರಾನೋ ಮೇಷ್ಟ್ರೇ?" ಎಂದು ಒಬ್ಬ ಅಜ್ಜಿ ಕೇಳಿದರು.

ಒಳ್ಳೆಯ ಪ್ರಶ್ನೆ. ದೊಡ್ಡ ಪಂಡಿತರೂ ಇದೇ ಪ್ರಶ್ನೆಗೆ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರು. ಅದರ ಕಥೆಯೇ ಇವತ್ತಿನ ಪಾಠ.

ಗುಡಿ ಕಟ್ಟಿದವರು ಯಾರು?

ಈ ಗುಡಿಗಳು ಇರುವುದು ಅಮೆರಿಕ ಖಂಡದ ನಡುಭಾಗದಲ್ಲಿ. ಮೆಕ್ಸಿಕೊ, ಗ್ವಾಟೆಮಾಲ, ಹೊಂಡುರಾಸ್ ಮುಂತಾದ ದೇಶಗಳಲ್ಲಿ. ಕಟ್ಟಿದವರು ಮಾಯಾ ಜನ. ಮೆಕ್ಕೆಜೋಳ ಅವರ ಮುಖ್ಯ ಬೆಳೆ. ಗ್ವಾಟೆಮಾಲದ ಟಿಕಾಲ್ ಎಂಬಲ್ಲಿ ಒಂದು ಗುಡಿ 60 ಮೀಟರಿಗೂ ಎತ್ತರ ಇದೆ.

ಸುಮಾರು 1,100 ವರ್ಷಗಳ ಹಿಂದೆ ಇಂಥ ಹಲವು ಪಟ್ಟಣಗಳನ್ನು ಜನ ಬಿಟ್ಟು ಹೋದರು. ಕಾಡು ಬೆಳೆದು ಗುಡಿಗಳನ್ನು ಮುಚ್ಚಿತು. ಆದರೆ ಮಾಯಾ ಜನ ಅಳಿಯಲಿಲ್ಲ. ಇವತ್ತಿಗೂ ಲಕ್ಷಾಂತರ ಮಂದಿ ಇದ್ದಾರೆ. ತಮ್ಮ ಭಾಷೆಗಳಲ್ಲಿ ಮಾತಾಡ್ತಾರೆ.

ಅಕ್ಷರ ಹೇಗೆ ಮರೆಯಿತು?

ಮಾಯಾ ಜನಕ್ಕೆ ಸ್ವಂತ ಲಿಪಿ ಇತ್ತು. ಮರದ ತೊಗಟೆಯಿಂದ ಕಾಗದ ಮಾಡಿ ಪುಸ್ತಕ ಬರೆಯುತ್ತಿದ್ದರು. ಮುಂದೆ ಸ್ಪೇನ್ ದೇಶದವರು ಬಂದು ಅವರ ನಾಡನ್ನು ಗೆದ್ದರು. 1562ರಲ್ಲಿ ಡಿಯೆಗೊ ದೆ ಲಾಂಡಾ ಎಂಬ ಪಾದ್ರಿ ಅವರ ಪುಸ್ತಕಗಳನ್ನು ಸುಡಿಸಿದ. ಅವು ಪಿಶಾಚಿಯ ಪುಸ್ತಕ ಎಂದು ಅವನ ನಂಬಿಕೆ. ಈಗ ಉಳಿದಿರುವುದು ನಾಲ್ಕೇ ಪುಸ್ತಕ.

ಓದು ಬಲ್ಲವರು ಒಬ್ಬೊಬ್ಬರಾಗಿ ತೀರಿಕೊಂಡರು. ಕಲಿಸುವವರು ಇಲ್ಲವಾದರು. ತಾತ ಕೆತ್ತಿದ ಕಲ್ಲು ಮೊಮ್ಮಗನ ಕಣ್ಣೆದುರೇ ಇದೆ. ಏನು ಬರೆದಿದೆ ಎಂದು ಮಾತ್ರ ಗೊತ್ತಿಲ್ಲ. ಎಂಥ ಕಷ್ಟ ಅಲ್ಲವೇ? ಓದು ಬಾರದ ಕಷ್ಟ ನಿಮಗೆ ಚೆನ್ನಾಗಿ ಗೊತ್ತು.

ಕ್ಯಾಮೆರಾ ಬಂತು

1881ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ಮಾಡ್‌ಸ್ಲಿ ಎಂಬುವರು ಈ ಕಾಡಿಗೆ ಬಂದರು. ಆಗಿನ ಕ್ಯಾಮೆರಾ ದೊಡ್ಡ ಪೆಟ್ಟಿಗೆ. ಫೋಟೋ ಮೂಡುತ್ತಿದ್ದದ್ದು ಗಾಜಿನ ಹಲಗೆಯ ಮೇಲೆ. ಹಲಗೆ ಒಡೆದರೆ ಪಟ್ಟ ಕಷ್ಟವೆಲ್ಲ ನೀರುಪಾಲು. ಆ ಕಡೆಯ ಕೂಲಿಯಾಳುಗಳು ಕಾಡು ಕಡಿದು ದಾರಿ ಮಾಡಿದರು. ಹೊರೆ ಹೊತ್ತರು. ಕಲ್ಲಿನ ಪಾಚಿ ತೆಗೆದರು. ಅವರ ಬೆವರಿಲ್ಲದೆ ಆ ಫೋಟೋಗಳು ಆಗುತ್ತಿರಲಿಲ್ಲ.

ಟಿಯೋಬರ್ಟ್ ಮಾಲರ್ ಎಂಬ ಇನ್ನೊಬ್ಬರು ಪಿಯೆಡ್ರಾಸ್ ನೆಗ್ರಾಸ್ ಎಂಬ ಹಾಳು ಪಟ್ಟಣದ ಕಲ್ಲುಗಳ ಫೋಟೋ ತೆಗೆದರು. ಅದು ಗ್ವಾಟೆಮಾಲದಲ್ಲಿ ಒಂದು ನದಿಯ ದಂಡೆಯಲ್ಲಿದೆ.

ಸವೆದ ಅಕ್ಷರದ ಫೋಟೋ ತೆಗೆಯಲು ಒಂದು ಉಪಾಯ ಇದೆ. ನೀವೇ ಮಾಡಿ ನೋಡಿ. ಕತ್ತಲಲ್ಲಿ ಒಂದು ಹಳೆಯ ನಾಣ್ಯ ಇಡಿ. ಟಾರ್ಚನ್ನು ಎದುರಿಗೆ ಹಿಡಿಯಿರಿ. ಅಕ್ಷರ ಸರಿಯಾಗಿ ಕಾಣುವುದಿಲ್ಲ. ಈಗ ಪಕ್ಕದಿಂದ, ತಗ್ಗಿಸಿ ಹಿಡಿಯಿರಿ. ಗೆರೆಗಳಿಗೆ ನೆರಳು ಬೀಳುತ್ತದೆ. ಅಕ್ಷರ ಎದ್ದು ಕಾಣುತ್ತದೆ. ಕಲ್ಲಿಗೂ ಹೀಗೇ. ಬೆಳಗಿನ, ಸಂಜೆಯ ಓರೆ ಬಿಸಿಲು ಒಳ್ಳೆಯದು.

ಕಲ್ಲು ಮಾತಾಡಿತು

1952ರಲ್ಲಿ ರಷ್ಯಾದ ಯೂರಿ ಕ್ನೊರೊಜೊವ್ ಈ ಲಿಪಿ ಓದುವ ದಾರಿ ತೋರಿಸಿದರು. ಈ ಗುರುತುಗಳಲ್ಲಿ ಹಲವು ನಮ್ಮ ಕ, ಕಾ, ಕಿ ಹಾಗೆ ಉಚ್ಚಾರ ತಿಳಿಸುತ್ತವೆ ಎಂದರು. ಆಗ ಅವರು ಮಾಯಾ ಗುಡಿಯನ್ನು ಕಣ್ಣಾರೆ ಕಂಡಿರಲಿಲ್ಲ. ಪುಸ್ತಕಗಳನ್ನು ನೋಡಿಯೇ ಕಂಡುಹಿಡಿದರು. ವಿಚಿತ್ರ ನೋಡಿ! ಅವರಿಗೆ ನೆರವಾದದ್ದು ಪುಸ್ತಕ ಸುಡಿಸಿದ ಲಾಂಡಾನೇ ಬರೆದಿಟ್ಟಿದ್ದ ಕೆಲವು ಅಕ್ಷರಗಳು.

1960ರಲ್ಲಿ ಒಬ್ಬ ಹೆಣ್ಣುಮಗಳು ಇನ್ನೊಂದು ಗುಟ್ಟು ಬಿಡಿಸಿದರು. ಅವರ ಹೆಸರು ತಾತ್ಯಾನಾ ಪ್ರೊಸ್ಕುರಿಯಾಕಾಫ್. ಹೆಸರು ಉದ್ದ. ನಿಧಾನವಾಗಿ ಕೂಡಿಸಿ ಓದಿ. ಅವರು ಮಾಲರ್ ತೆಗೆದ ಫೋಟೋಗಳನ್ನು ಜೋಡಿಸಿ ನೋಡಿದರು. ಕಲ್ಲುಗಳು ಗುಂಪು ಗುಂಪಾಗಿದ್ದವು. ಒಂದು ಗುಂಪಿನ ತಾರೀಖುಗಳು ಒಬ್ಬ ಮನುಷ್ಯನ ಆಯುಸ್ಸಿಗಿಂತ ಹೆಚ್ಚಾಗಿರಲಿಲ್ಲ. ಹಾಗಾದರೆ ಇದು ಬರೀ ದೇವರ ಕಥೆ, ಪಂಚಾಂಗ ಅಲ್ಲ. ಇಂಥ ದೊರೆ ಇಂಥ ದಿನ ಹುಟ್ಟಿದ, ಇಂಥ ದಿನ ಪಟ್ಟಕ್ಕೆ ಬಂದ ಎಂಬ ಚರಿತ್ರೆ! ರಾಣಿಯರೂ ಆ ಕಲ್ಲುಗಳಲ್ಲಿ ಇದ್ದರು.

ಅದೇ ದಶಕದಲ್ಲಿ ಕಳ್ಳರು ಅಲ್ಲಿನ ಹಲವು ಕಲ್ಲುಗಳನ್ನು ಒಡೆದು ಸಾಗಿಸಿದರು. ಆದರೆ ಫೋಟೋ ಉಳಿದಿತ್ತು. ಕಲ್ಲು ಹೋದರೂ ಮಾತು ಉಳಿಯಿತು.

ನೋಡಲು ಹೋಗುವವರು

ಈಗ ಲಕ್ಷಗಟ್ಟಲೆ ಜನ ಈ ಗುಡಿಗಳನ್ನು ನೋಡಲು ಹೋಗ್ತಾರೆ. ಮೆಕ್ಸಿಕೊದ ಚಿಚೆನ್ ಇಟ್ಸಾದಲ್ಲಿ ಸುಮಾರು 30 ಮೀಟರ್ ಎತ್ತರದ ಗುಡಿ ಇದೆ. ಅದನ್ನು ಹತ್ತಲು ಈಗ ಬಿಡುವುದಿಲ್ಲ. ಕಾಲು ತಾಗಿ ತಾಗಿ ಮೆಟ್ಟಿಲು ಸವೆಯುತ್ತದೆ. ಜಾರಿ ಬಿದ್ದರೆ ಪ್ರಾಣಕ್ಕೇ ಅಪಾಯ. ಕೆಳಗೆ ನಿಂತು ಫೋಟೋ ತೆಗೆಯಬಹುದು. ಕೆತ್ತನೆಯನ್ನು ಮುಟ್ಟಬಾರದು. ಹೆಸರು ಗೀಚಬಾರದು.

ಮಾಯಾ ಜನರಲ್ಲಿ ಕೆಲವರು ಈಗ ತಮ್ಮ ಹಳೆಯ ಲಿಪಿಯನ್ನು ಮತ್ತೆ ಕಲಿಯುತ್ತಿದ್ದಾರೆ. ದೊಡ್ಡವರಾದ ಮೇಲೆ ಕಲಿತವರೂ ಅವರಲ್ಲಿ ಇದ್ದಾರೆ, ನಿಮ್ಮ ಹಾಗೆಯೇ.

ಅಂದು ಪಾಠ ಮುಗಿದ ಮೇಲೆ ಅಜ್ಜಿ ಫೋಟೋವನ್ನು ದೀಪದ ಹತ್ತಿರ ಹಿಡಿದು ಮತ್ತೆ ನೋಡಿದರು. "ಅಕ್ಷರಾನೇ ಕಣಪ್ಪ" ಎಂದರು.

ಯೋಚಿಸಿ, ಮಾತಾಡಿ

1. ಮಾಯಾ ಜನ ತಮ್ಮ ಲಿಪಿಯನ್ನು ಮರೆತದ್ದು ಏಕೆ?
2. ಸವೆದ ಅಕ್ಷರ ಕಾಣಲು ಬೆಳಕು ಯಾವ ಕಡೆಯಿಂದ ಬೀಳಬೇಕು?
3. ಹಳೆಯ ಕಲ್ಲಿನ ಮೇಲೆ ಹೆಸರು ಗೀಚಿದರೆ ಏನು ನಷ್ಟ?