ಬುರುಡೆಯೊಳಗಿನ ಒತ್ತಡ: ಕೊಳ್ಳೇಗಾಲದ ದಾರಿ ಕಲಿಸಿದ್ದು

ಮಹದೇಶ್ವರ ಬೆಟ್ಟದಲ್ಲಿ ಜಾತ್ರೆ ಇದೆಯೆಂದು ತಿಳಿಯಲು ಮೈಸೂರಿನ ನಮ್ಮ ನ್ಯೂರೋ ಐಸಿಯುನಲ್ಲಿ ಪಂಚಾಂಗ ಬೇಕಿಲ್ಲ. ಹನೂರು ಕಡೆಯಿಂದ ಹೆಲ್ಮೆಟ್ ಹಾಕದ ಬೈಕ್ ಸವಾರರು ಬರುತ್ತಾರೆ. ಯಳಂದೂರಿನ ಕಡೆಯಿಂದ ಮರದಿಂದ ಬಿದ್ದವರು. ಇವರ ತಲೆಯೊಳಗಿನ ಒತ್ತಡ ಅಳೆಯುತ್ತ ಕಲಿತ ಕೆಲವು ಪಾಠಗಳನ್ನು ತಾಲ್ಲೂಕು ಆಸ್ಪತ್ರೆಗಳ ಕಿರಿಯ ವೈದ್ಯರಿಗೂ ದಾದಿಯರಿಗೂ ಬರೆಯುತ್ತಿದ್ದೇನೆ.

1. 'ಬಂದಾಗ ಚೆನ್ನಾಗೇ ಮಾತಾಡ್ತಿದ್ದ ಸಾರ್' ಎನ್ನುವ ಮನೆಯವರ ಮಾತು ನಿಜ. ಬುರುಡೆ ಹಿಗ್ಗುವುದಿಲ್ಲ; ಒಳಗಿರುವುದು ಮಿದುಳು, ರಕ್ತ ಮತ್ತು ಮಿದುಳಿನ ದ್ರವ. ಗಾಯದ ರಕ್ತ ಹೆಪ್ಪುಗಟ್ಟುತ್ತ ಹೋದಂತೆ ದ್ರವವೂ ಅಭಿಧಮನಿಯ ರಕ್ತವೂ ಜಾಗ ಬಿಟ್ಟುಕೊಡುತ್ತವೆ. ಅಷ್ಟು ಹೊತ್ತು ರೋಗಿ ಮಾತಾಡುತ್ತಾನೆ. ಬಿಡಲು ಜಾಗ ಮುಗಿದ ಮೇಲೆ ಒಂದೆರಡು ಚಮಚ ರಕ್ತ ಹೆಚ್ಚಿದರೂ ಒತ್ತಡ ಜಿಗಿಯುತ್ತದೆ. 1783ರಲ್ಲಿ ಮನ್ರೋ, 1824ರಲ್ಲಿ ಕೆಲ್ಲಿ ಹೇಳಿದ್ದು ಇದರ ಮೂಲ. ಕುಕ್ಕರಿಗಾದರೂ ಸೀಟಿ ಇದೆ.

2. ಮಾನಿಟರಿನ ಸಂಖ್ಯೆ ನೋಡುವ ಮೊದಲು ಟ್ರಾನ್ಸ್‌ಡ್ಯೂಸರ್ ಎಲ್ಲಿದೆ ನೋಡಿ. ಮಿದುಳಿನ ಕುಹರಕ್ಕೆ ಹಾಕಿದ ನಳಿಕೆಗಾದರೆ ಅದು ಕಿವಿಯ ರಂಧ್ರದ ಮಟ್ಟದಲ್ಲಿರಬೇಕು. ಯಾರೋ ಹಾಸಿಗೆಯ ತಲೆಭಾಗ ಎತ್ತಿ ಅದನ್ನು ಅಲ್ಲೇ ಬಿಟ್ಟರೆ, ಸುಮಾರು 14 ಸೆಂಟಿಮೀಟರ್ ವ್ಯತ್ಯಾಸಕ್ಕೆ 10 ಮಿಮೀ ಪಾದರಸದಷ್ಟು ಸುಳ್ಳು ಸೇರುತ್ತದೆ. 14 ಇದ್ದದ್ದು 24 ಎಂದು ಕಾಣುತ್ತದೆ. ಅನಗತ್ಯ ಮ್ಯಾನಿಟಾಲ್ ಓಡುತ್ತದೆ. ದ್ರವ ಹರಿಯುತ್ತಿರುವಾಗ ಓದಿದ ಸಂಖ್ಯೆಯನ್ನೂ ನಂಬಬೇಡಿ. ನಳಿಕೆ ಮುಚ್ಚಿ, ಅಲೆ ನೋಡಿ, ಆಮೇಲೆ ಬರೆಯಿರಿ.

3. ತಲೆಯ ಒತ್ತಡಕ್ಕೆ ಬಿಪಿಯೇ ಜೋಡಿ. ಸರಾಸರಿ ಬಿಪಿಯಿಂದ ತಲೆಯೊಳಗಿನ ಒತ್ತಡ ಕಳೆದರೆ ಉಳಿಯುವುದೇ ಮಿದುಳಿಗೆ ರಕ್ತ ತಳ್ಳುವ ಬಲ. 2016ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಒಳಒತ್ತಡ 22 ದಾಟಿದರೆ ಚಿಕಿತ್ಸೆ, ಈ ಬಲದ ಗುರಿ 60ರಿಂದ 70. ಬಿಪಿ 90/60 ಇರುವವನ ಸರಾಸರಿ 70. ಒಳಗೆ 25 ಇದ್ದರೆ ಮಿದುಳಿಗೆ ದಕ್ಕುವುದು 45.

4. ಯಂತ್ರ ಇಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. ಬೊಲಿವಿಯಾ, ಈಕ್ವೆಡಾರ್‌ಗಳಲ್ಲಿ 324 ಗಾಯಾಳುಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒತ್ತಡ ಅಳೆದು ಮಾಡಿದ ಚಿಕಿತ್ಸೆ ಮತ್ತೆ ಮತ್ತೆ ಪರೀಕ್ಷಿಸಿ, ಸಿಟಿ ನೋಡಿ ಮಾಡಿದ ಚಿಕಿತ್ಸೆಗಿಂತ ಮೇಲೆಂದು ಸಾಬೀತಾಗಲಿಲ್ಲ. ಆದರೆ ಅಲ್ಲಿ ಐಸಿಯು, ಸಿಟಿ ಎರಡೂ ಇದ್ದವು. ಹನೂರಿನಿಂದ ಕೊಳ್ಳೇಗಾಲ, ತಿ. ನರಸೀಪುರ ದಾಟಿ ಬರುವ ಎರಡು ಗಂಟೆಯಲ್ಲಿ ಇರುವುದು ಕಣ್ಣು, ಟಾರ್ಚು, ಗಡಿಯಾರ ಅಷ್ಟೇ. ಅರ್ಧ ಗಂಟೆಗೊಮ್ಮೆ ಕಣ್ಣು ತೆರೆಯುತ್ತಾನಾ, ಮಾತಾಡುತ್ತಾನಾ, ಹೇಳಿದಂತೆ ಕೈ ಎತ್ತುತ್ತಾನಾ, ಎರಡೂ ಪಾಪೆ ಸಮ ಇವೆಯಾ ಎಂದು ನೋಡಿದರೆ ನನಗೆ ಅದೇ ಮಾನಿಟರ್.

5. 'ಕುಡಿದಿದ್ದಾನೆ, ಮಲಗಲಿ ಬಿಡಿ' ಎಂಬ ಮಾತಿನಷ್ಟು ಅಪಾಯಕಾರಿ ರೋಗನಿರ್ಣಯ ಇನ್ನೊಂದಿಲ್ಲ. ಎಬ್ಬಿಸಿ ನೋಡಿ.

6. ನಾಡಿ ನಿಧಾನವಾಗಿ, ಬಿಪಿ ಏರುತ್ತಿದ್ದರೆ 'ಬಿಪಿ ಚೆನ್ನಾಗಿದೆ' ಎಂದು ಸಮಾಧಾನಪಡಬೇಡಿ. ಅದು ಮಿದುಳುಕಾಂಡದ ಕೊನೆಯ ಕೂಗು.

7. ಆಂಬುಲೆನ್ಸಿನಲ್ಲಿ: ತಲೆ 30 ಡಿಗ್ರಿ ಮೇಲೆ, ಮೂಗು ನೇರ, ಕತ್ತಿನ ಪಟ್ಟಿ ರಕ್ತನಾಳ ಅದುಮದಂತೆ, ಆಮ್ಲಜನಕ. ಬೆನ್ನುಮೂಳೆ ಮುರಿದಿರಬಹುದೆಂಬ ಅನುಮಾನವಿದ್ದರೆ ಸ್ಟ್ರೆಚರನ್ನೇ ಇಡಿಯಾಗಿ ಓರೆ ಮಾಡಿ. ಶೇ. 5ರ ಗ್ಲೂಕೋಸ್ ಬಾಟಲಿ ಬೇಡ, ಅದರ ನೀರು ಮಿದುಳಿನ ಬಾವು ಹೆಚ್ಚಿಸುತ್ತದೆ. ನಾರ್ಮಲ್ ಸಲೈನ್ ಸಾಕು. ಹೊಟ್ಟೆಯಲ್ಲೂ ರಕ್ತ ಸುರಿಯುತ್ತಿರುವವನಿಗೆ ಮ್ಯಾನಿಟಾಲ್ ಕೊಟ್ಟರೆ ಬಿಪಿ ಕುಸಿಯುತ್ತದೆ, ಮೂರನೇ ಪಾಠದ ಲೆಕ್ಕ ನೆನಪಿರಲಿ. ತಲೆಪೆಟ್ಟಿಗೆ ಸ್ಟೀರಾಯ್ಡ್ ಕೊಡುವ ಅಭ್ಯಾಸವನ್ನು ಇನ್ನಾದರೂ ಬಿಡಿ: ಹತ್ತು ಸಾವಿರ ರೋಗಿಗಳ ಕ್ರ್ಯಾಶ್ ಅಧ್ಯಯನ ಅದರಿಂದ ಸಾವು ಹೆಚ್ಚುತ್ತದೆಂದು 2004ರಲ್ಲೇ ತೋರಿಸಿದೆ.

8. ರೆಫರಲ್ ಚೀಟಿಯಲ್ಲಿ 'ತಲೆಗೆ ಪೆಟ್ಟು, ಹೆಚ್ಚಿನ ಚಿಕಿತ್ಸೆಗೆ' ಎಂದಷ್ಟೇ ಇದ್ದರೆ ನಮಗೆ ಏನೂ ತಿಳಿಯದು. ಎಷ್ಟು ಗಂಟೆಗೆ ಬಿದ್ದ, ಎಷ್ಟು ಗಂಟೆಗೆ ಮಾತು ನಿಂತಿತು, ಯಾವ ಕಣ್ಣಿನ ಪಾಪೆ ಮೊದಲು ಹಿಗ್ಗಿತು, ಏನೇನು ಕೊಟ್ಟಿರಿ ಎಂದು ನಾಲ್ಕು ಸಾಲು ಬರೆದು, ಗಾಡಿ ಹೊರಡುವ ಮುನ್ನ ಒಂದು ಫೋನ್ ಮಾಡಿ. ಸಿಟಿ ಕೋಣೆ ಖಾಲಿ ಇಟ್ಟುಕೊಂಡು ಕಾಯುತ್ತೇವೆ.